ಲೇತ್ ಕೆಳಗಿನ ಬಿಳಿ ಹಾಳೆ: ಎಣ್ಣೆ ಹೀರುವ ಪ್ಯಾಡ್ ಎಷ್ಟರಮಟ್ಟಿಗೆ ಉಪಯೋಗ?

ಮನೆಯ ವರ್ಕ್‌ಶಾಪಿನಲ್ಲಿ ಲೇತು (ಲೋಹ ಕಡೆಯುವ ಯಂತ್ರ), ಗಾಳಿ ಒತ್ತುವ ಕಂಪ್ರೆಸರ್ ಇದ್ದ ಮೇಲೆ ನೆಲದಲ್ಲಿ ಎಣ್ಣೆ ಇದ್ದದ್ದೇ. ಹೀರಿಸಲು ಮೂರು ದಾರಿ: ಮರದ ಹೊಟ್ಟು, ಜೇಡಿಮಣ್ಣಿನ ಹರಳು, ಪಾಲಿಪ್ರೊಪಿಲೀನ್ ಪ್ಯಾಡು. ಮೂರರಲ್ಲಿ ದುಡ್ಡು ಕೊಟ್ಟು ತರಲು ಯೋಗ್ಯವಾದದ್ದು ಪ್ಯಾಡೇ. ಆದರೆ ಅದು ಎಷ್ಟು ಹೀರುತ್ತದೆ ಅನ್ನುವುದಕ್ಕಿಂತ, ಏನು ತೋರಿಸಿಕೊಡುತ್ತದೆ ಅನ್ನುವುದಕ್ಕೆ.

ಮೊದಲು ಹೀರುವ ಲೆಕ್ಕ. 40×50 ಸೆಂ.ಮೀ. ಹಾಳೆ, ಚದರ ಮೀಟರಿಗೆ 200 ಗ್ರಾಂ ದಪ್ಪದ್ದು, 40 ಗ್ರಾಂ ತೂಗುತ್ತದೆ. ತೂಕದ 15 ಪಟ್ಟು ಹೀರಿದರೆ 600 ಗ್ರಾಂ, ಅಂದರೆ ಸುಮಾರು 700 ಮಿಲಿ ಎಣ್ಣೆ. ಇದು ಹಾಳೆಯನ್ನು ಎಣ್ಣೆಯಲ್ಲಿ ಮುಳುಗಿಸಿದಾಗಿನ ಮಾತು. ಮೆಷಿನ್ ಕೆಳಗೆ ಹನಿ ಒಂದೇ ಜಾಗಕ್ಕೆ ಬೀಳುತ್ತದೆ. ಅಂಚು ಇನ್ನೂ ಒಣಗಿರುವಾಗಲೇ ನಡುವೆ ನೆನೆದು ಅಡಿಗೆ ಜಿನುಗುತ್ತದೆ. ನಿಮಿಷಕ್ಕೆ ಆರು ಹನಿ ಬಿದ್ದರೂ ಗಂಟೆಗೆ 10–15 ಮಿಲಿ ಆಯಿತು. ಅರ್ಧ ಲೆಕ್ಕವನ್ನಷ್ಟೇ ನಂಬಿ, ಅಡಿಗೊಂದು ತಗಡಿನ ಟ್ರೇ ಇಡಿ.

ಈಗ ಅದರ ನಿಜವಾದ ಗುಣ. ಹಾಳೆ ಬಿಳಿ, ಆದ್ದರಿಂದ ಹನಿ ಬಿದ್ದಲ್ಲಿ ಕಲೆ ಸ್ಪಷ್ಟ. ಹೊಸ ಹಾಳೆ ಹಾಸಿ, ಮೆಷಿನ್ ಕಾಲುಗಳ ಜಾಗವನ್ನು ಪೆನ್ನಿನಲ್ಲಿ ಗುರುತು ಮಾಡಿ, ಒಂದು ರಾತ್ರಿ ಬಿಡಿ. ಆಮೇಲೆ ಕಲೆಯ ನೇರ ಮೇಲಿನ ಭಾಗವನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಟಾಲ್ಕಂ ಪೌಡರ್ ತೆಳುವಾಗಿ ಉದುರಿಸಿ, ಹತ್ತು ನಿಮಿಷ ಓಡಿಸಿ. ಪೌಡರಿನಲ್ಲಿ ಎಣ್ಣೆಯ ಗೆರೆ ಮೂಡುತ್ತದೆ. ಗೆರೆಯ ಮೇಲ್ತುದಿಯೇ ಸೋರುವ ಜಾಗ. ಎಣ್ಣೆ ಮೆಷಿನ್ನಿನ ಬೀಡುಕಬ್ಬಿಣದ ಮೈಯಗುಂಟ ಎಲ್ಲೆಲ್ಲೋ ಇಳಿದು ಬರುವುದರಿಂದ, ಹನಿ ಬಿದ್ದಲ್ಲೇ ಸೀಲ್ (ಶಾಫ್ಟಿನ ಸುತ್ತ ಎಣ್ಣೆ ತಡೆಯುವ ಬಳೆ) ಹಾಳಾಗಿದೆ ಎಂದುಕೊಂಡು ಬಿಚ್ಚಲು ಹೊರಟರೆ ಕೆಲಸ ಕೆಟ್ಟಂತೆ.

ಎಷ್ಟೋ ಸಲ ಬಿಚ್ಚುವ ಅಗತ್ಯವೇ ಬೀಳುವುದಿಲ್ಲ. ಲೇತಿನ ಹೆಡ್‌ಸ್ಟಾಕ್‌ನಲ್ಲಿ (ತಿರುಗುವ ಸ್ಪಿಂಡಲ್ ಇರುವ ಪೆಟ್ಟಿಗೆ) ಎಣ್ಣೆಯ ಮಟ್ಟ ತೋರಿಸುವ ಗಾಜಿನ ಗುರುತಿಗಿಂತ ಮೇಲೆ ಎಣ್ಣೆ ತುಂಬಿದ್ದರೆ ಅದು ಸ್ಪಿಂಡಲ್ ಕಡೆಯಿಂದ ಹೊರಬರುತ್ತದೆ. ಅಲ್ಲಿ ಲ್ಯಾಬಿರಿಂತ್ ಸೀಲ್ (ಸುತ್ತುದಾರಿಯ ಸಂದಿನಿಂದಲೇ ಎಣ್ಣೆ ತಡೆಯುವಂಥದ್ದು) ಇದ್ದರೆ ಉಜ್ಜುವ ರಬ್ಬರ್ ಇರುವುದೇ ಇಲ್ಲ. ಎಣ್ಣೆ ಒಳಕ್ಕೆ ಮರಳುವ ಸಣ್ಣ ತೂತು ಕಸದಿಂದ ಮುಚ್ಚಿದ್ದರೆ ಸಾಕು, ಹೊರಕ್ಕೆ ಹರಿಯುತ್ತದೆ. ಡ್ರೈನ್ ಪ್ಲಗ್ ಜಿನುಗಿದರೆ ತಾಮ್ರದ ವಾಷರ್ ಬದಲಿಸಿ, ಪ್ಲಗ್ಗನ್ನು ಇನ್ನಷ್ಟು ಬಿಗಿದು ಬೀಡುಕಬ್ಬಿಣದಲ್ಲಿನ ತಿರುಪಿನ ಸುತ್ತು ಕೀಳಬೇಡಿ. ಕಂಪ್ರೆಸರಿನಲ್ಲಿ ಬ್ರೀದರ್ (ಒಳಗಿನ ಗಾಳಿ ಹೊರಹೋಗುವ ತೂತು) ಕಟ್ಟಿಕೊಂಡರೆ ಕ್ರ್ಯಾಂಕ್‌ಕೇಸಿನ ಒತ್ತಡವೇ ಸೀಲ್ ಮೂಲಕ ಎಣ್ಣೆಯನ್ನು ತಳ್ಳುತ್ತದೆ; ಸೀಲ್ ಬದಲಿಸಿದರೂ ಸೋರಿಕೆ ನಿಲ್ಲದು.

ಸೀಲೇ ಹೋಗಿದ್ದರೆ ಅದರ ಮೇಲಿನ ಅಂಕಿ ಓದಿ. 25×40×7 ಅಂದರೆ ಶಾಫ್ಟ್ 25, ಹೊರ ವ್ಯಾಸ 40, ಅಗಲ 7 ಮಿ.ಮೀ. ಸ್ಪ್ರಿಂಗ್ ಕಾಣುವ ಮುಖ ಎಣ್ಣೆಯ ಕಡೆಗೇ ಇರಬೇಕು. ಶಾಫ್ಟಿನ ಮೇಲೆ ಉಗುರು ಎಳೆದಾಗ ಸವೆದ ತೋಡು ಸಿಕ್ಕಿದರೆ ಹೊಸ ಸೀಲೂ ಸೋರುತ್ತದೆ. ಜಾಗವಿದ್ದರೆ ಸೀಲನ್ನು 1–2 ಮಿ.ಮೀ. ಹಿಂದೆ ಅಥವಾ ಮುಂದೆ ಕೂರಿಸಿ, ಅದರ ತುಟಿ ಶಾಫ್ಟಿನ ಸವೆಯದ ಕಡೆ ತಾಗುವಂತೆ ನೋಡಿಕೊಳ್ಳಿ.

ಪ್ಯಾಡಿನ ದೋಷಗಳೂ ಕಡಿಮೆಯಿಲ್ಲ. ಚೂಪಾದ ಲೋಹದ ಸುರುಳಿ ಬಿದ್ದರೆ ಹರಿಯುತ್ತದೆ, ಕಾಲಿಟ್ಟರೆ ಜಾರುತ್ತದೆ. ಅಗ್ಗದ್ದು ನಾರು ಬಿಡುತ್ತದೆ. ಅದರಿಂದ ಲೇತಿನ ಬೆಡ್ (ಉಪಕರಣ ಹೊರುವ ಕ್ಯಾರೇಜ್ ಜಾರುವ ಹಳಿ) ಒರೆಸಿದರೆ ನಾರು ಕ್ಯಾರೇಜಿನ ವೈಪರಿಗೆ ಸಿಕ್ಕಿಕೊಳ್ಳುತ್ತದೆ. ಬೆಡ್ಡಿಗೆ ಹಳೆಯ ಹತ್ತಿ ಬಟ್ಟೆಯೇ ಸರಿ. 160 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುವ ಈ ಪ್ಲಾಸ್ಟಿಕ್ ಎಣ್ಣೆ ಕುಡಿದ ಮೇಲೆ ದೀಪದ ಬತ್ತಿಯಂತೆ ಉರಿಯುತ್ತದೆ, ಗ್ರೈಂಡರ್ ಕಿಡಿ ಬೀಳುವ ಕಡೆ ಬೇಡವೇ ಬೇಡ. ಬಿಳಿಯದು ನೀರು ಹೀರುವುದಿಲ್ಲ. ಹಾಗಾಗಿ ಹಾಲಿನಂತಿರುವ ಕೂಲಂಟ್ (ಲೋಹ ಕಡೆಯುವಾಗ ತಂಪಿಗೆ ಹಾಯಿಸುವ, ಎಣ್ಣೆ ಬೆರೆತ ನೀರು) ಚೆಲ್ಲಿದಾಗ ನೀರನ್ನೂ ಹೀರುವ ಬೂದು ಬಣ್ಣದ್ದು ಬೇಕು. ಅದೇ ಕೂಲಂಟ್ ತೊಟ್ಟಿಯ ಮೇಲೆ ತೇಲುವ ಎಣ್ಣೆಯ ಪೊರೆ ತೆಗೆಯಲು ಮಾತ್ರ ಬಿಳಿಯದಕ್ಕೆ ಸಾಟಿಯಿಲ್ಲ: ಒಂದು ತುಂಡು ತೇಲಿಬಿಟ್ಟರಾಯಿತು.

ಹರಳಿನ ವಿಷಯ ಒಂದೇ ಮಾತು: ಅದರ ಧೂಳು ಎಣ್ಣೆಗೆ ಬೆರೆತರೆ ಸಾಣೆಯ ಲೇಪ. ಮೆಷಿನ್ನಿನಿಂದ ದೂರದ ಕಾಂಕ್ರೀಟ್ ನೆಲಕ್ಕೆ ಹಾಕಿ, ಬೂಟಿನಲ್ಲಿ ಉಜ್ಜಿ, ರಾತ್ರಿ ಬಿಟ್ಟು ಗುಡಿಸಿ. ಹೊಟ್ಟು ಸಿಕ್ಕರೆ ಬಳಸಿ, ಆದರೆ ಅದೇ ದಿನ ಹೊರಹಾಕಿ.

ನೆನೆದ ಪ್ಯಾಡುಗಳನ್ನು ಮುಚ್ಚಳವಿರುವ ತಗಡಿನ ಡಬ್ಬದಲ್ಲಿ ಇಡಿ. ಹಿಂಡಿದ ಎಣ್ಣೆಯನ್ನು ಗೇರ್‌ಬಾಕ್ಸಿಗೆ ಮತ್ತೆ ಸುರಿಯಬೇಡಿ, ಅದರಲ್ಲಿ ಲೋಹದ ಪುಡಿ ಇರುತ್ತದೆ. ಅಗಸೆಎಣ್ಣೆ ಒರೆಸಿದ ಬಟ್ಟೆಯನ್ನು ಆ ಡಬ್ಬಕ್ಕೆ ಸೇರಿಸಲೇಬಾರದು. ಅದು ಒಣಗುವಾಗ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಬಯಲಿನಲ್ಲಿ ಒಂದೊಂದಾಗಿ ಹರವಿ ಒಣಗಿಸಿ.