ಮೇ ತಿಂಗಳ ಇಂಟರ್ನ್‌ಶಿಪ್: ಸರ್ಟಿಫಿಕೇಟ್ ಬಂತು, ಸಾಕ್ಷಿ ವಿಚಾರಣೆ ಕಾಣಲಿಲ್ಲ

ಬೇರೆ ಊರಲ್ಲಿ ಐದು ವರ್ಷದ ಕಾನೂನು ಪದವಿ ಓದುತ್ತಿರುವ ದಾವಣಗೆರೆಯ ಹುಡುಗನೊಬ್ಬ ಬೇಸಿಗೆ ರಜೆಗೆ ಊರಿಗೆ ಬಂದವನು ಇಲ್ಲೇ ಒಬ್ಬ ವಕೀಲರ ಕಚೇರಿಗೆ ಇಂಟರ್ನ್ ಆಗಿ ಸೇರಿಕೊಂಡ. ಮೇ ತಿಂಗಳಿಡೀ, ನಾಲ್ಕು ವಾರ, ಒಂದು ದಿನ ತಪ್ಪಿಸದೆ ಹೋದ. ಕೊನೆಗೆ ಲೆಟರ್‌ಹೆಡ್ಡಿನ ಮೇಲೆ ಚೆಂದದ ಸರ್ಟಿಫಿಕೇಟೂ ಸಿಕ್ಕಿತು. ಕಾಲೇಜಿನಲ್ಲಿ ವೈವಾ ದಿನ ಡೈರಿ ತಿರುವಿ ಹಾಕಿದವರು ಕೇಳಿದ್ದು ಒಂದೇ ಪ್ರಶ್ನೆ: ‘ಪಾಟೀ ಸವಾಲು ಯಾವ ಕೇಸಿನಲ್ಲಿ ನೋಡಿದೆ?’ ಹುಡುಗನ ಬಾಯಿ ಕಟ್ಟಿತು. ಡೈರಿಯ ಪುಟ ಪುಟದಲ್ಲೂ ‘ಕಚೇರಿಗೆ ಹಾಜರಾದೆ, ಫೈಲು ಜೋಡಿಸಿದೆ, ಜೆರಾಕ್ಸ್ ಮಾಡಿಸಿದೆ’ ಎಂಬ ಒಂದೇ ಸಾಲು. ಇದು ಸಾಲದೆಂಬಂತೆ ಅದೇ ತಿಂಗಳು ಒಂದು ಚೆಕ್ ಬೌನ್ಸ್ ನೋಟಿಸು ಅವನ ಬ್ಯಾಗಿನಲ್ಲೇ ಕೂತು ಅವಧಿ ಮೀರಿತ್ತು. ಅದರ ಕಥೆ ಮುಂದಿದೆ.

ಇಲ್ಲಿ ಯಾರೂ ಯಾರಿಗೂ ಮೋಸ ಮಾಡಿಲ್ಲ. ಆರಿಸಿಕೊಂಡ ತಿಂಗಳು ತಪ್ಪಿತ್ತು. ಸೇರುವ ಮೊದಲು ಕೇಳಬೇಕಾದ ನಾಲ್ಕು ಮಾತನ್ನು ಹುಡುಗ ಕೇಳಿರಲಿಲ್ಲ. ದಾವಣಗೆರೆ, ಚಿತ್ರದುರ್ಗದ ಕೋರ್ಟುಗಳಲ್ಲಿ ಪ್ರತಿ ಬೇಸಿಗೆ ಇದೇ ಪುನರಾವರ್ತನೆ ಆಗುವುದರಿಂದ ಸ್ವಲ್ಪ ಬಿಡಿಸಿ ಬರೆಯಬೇಕಾಗಿದೆ.

ಮೊದಲು ನಿಯಮ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಕೋರ್ಸಿಗೆ ಕನಿಷ್ಠ 12 ವಾರ, ಐದು ವರ್ಷದ ಕೋರ್ಸಿಗೆ ಕನಿಷ್ಠ 20 ವಾರ ಇಂಟರ್ನ್‌ಶಿಪ್ ಆಗಬೇಕು. ಯಾವುದೇ ವರ್ಷ ಒಂದೇ ಸಮನೆ 4 ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ. ಆದ್ದರಿಂದ ‘ಕೊನೇ ವರ್ಷ ಎಲ್ಲಾ ಒಟ್ಟಿಗೆ ಮುಗಿಸ್ತೀನಿ’ ಎನ್ನುವ ಲೆಕ್ಕ ನಡೆಯುವುದಿಲ್ಲ. ಓದು ಮುಗಿಯುವುದರೊಳಗೆ ಒಮ್ಮೆಯಾದರೂ ವಿಚಾರಣಾ ನ್ಯಾಯಾಲಯದ ವಕೀಲರ ಬಳಿ ಮತ್ತು ಮೇಲ್ಮನವಿ ನಡೆಸುವ ವಕೀಲರ ಬಳಿ ಕೆಲಸ ಮಾಡಿರಬೇಕು. ಕ್ಲಿನಿಕಲ್, ಅಂದರೆ ಪ್ರಾಯೋಗಿಕ ಪತ್ರಿಕೆಯ 100 ಅಂಕದಲ್ಲಿ ಮೂರು ಮೂಟ್ ಕೋರ್ಟಿಗೆ (ಅಣಕು ನ್ಯಾಯಾಲಯ) 30. ಒಂದು ಸಿವಿಲ್, ಒಂದು ಕ್ರಿಮಿನಲ್ ಹೀಗೆ ಎರಡು ಕೇಸುಗಳ ವಿಚಾರಣೆ ನೋಡಿ ಬರೆದದ್ದಕ್ಕೆ 30. ಕಕ್ಷಿದಾರರ ಎರಡು ಸಂದರ್ಶನ ಗಮನಿಸಿ ಡೈರಿಯಲ್ಲಿ ಬರೆದದ್ದಕ್ಕೆ 15. ದಾವೆಯ ಕಾಗದಪತ್ರ ತಯಾರಾಗುವುದನ್ನೂ ಕೋರ್ಟಿಗೆ ಸಲ್ಲಿಸುವ ಕ್ರಮವನ್ನೂ ಬರೆದದ್ದಕ್ಕೆ 15. ವೈವಾಕ್ಕೆ 10. ಸರ್ಟಿಫಿಕೇಟಿಗೆಂದು ಇದರಲ್ಲಿ ಒಂದು ಅಂಕವೂ ಇಲ್ಲ. ಮನೆಯಲ್ಲೇ ಕೂತು ಫೀಸು ಕಟ್ಟಿ ಪಡೆಯುವ ‘ಆನ್‌ಲೈನ್ ಇಂಟರ್ನ್‌ಶಿಪ್’ ಸರ್ಟಿಫಿಕೇಟಿನ ಬೆಲೆ ಎಷ್ಟೆಂದು ಇದರಿಂದಲೇ ತಿಳಿಯುತ್ತದೆ. ಅದರಲ್ಲಿ ಕಟಕಟೆಯೂ ಇಲ್ಲ, ಕಕ್ಷಿದಾರನೂ ಇಲ್ಲ.

ಈಗ ಕ್ಯಾಲೆಂಡರ್. ವಿದ್ಯಾರ್ಥಿಗಳ ಬೇಸಿಗೆ ರಜೆಯ ಹೊತ್ತಿಗೇ ಸಿವಿಲ್ ನ್ಯಾಯಾಲಯಗಳಿಗೂ ಬೇಸಿಗೆ ರಜೆ. ಮೇ ತಿಂಗಳ ಬಹುಭಾಗ ಅದರಲ್ಲೇ ಹೋಗುತ್ತದೆ. ಪಾಲು ವಿಭಾಗದ ದಾವೆ, ನಿರ್ಬಂಧಕಾಜ್ಞೆ ದಾವೆ, ಅಪಘಾತ ಪರಿಹಾರದ ಅರ್ಜಿ ಎಲ್ಲವೂ ಜೂನ್ ತಾರೀಕಿಗೆ ಕೂತಿರುತ್ತವೆ. ಸೀನಿಯರ್ ಕೂಡ ಆ ಒಂದು ತಿಂಗಳು ಮನೆಯವರಿಗೆ ಕೊಟ್ಟಿರುತ್ತಾರೆ, ಅದು ಅವರ ತಪ್ಪಲ್ಲ. ಹೈಕೋರ್ಟ್ ಪ್ರತಿ ವರ್ಷದ ಕ್ಯಾಲೆಂಡರನ್ನು ಮೊದಲೇ ಪ್ರಕಟಿಸುತ್ತದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ನಾಲ್ಕು ವಾರವನ್ನು ಒಡೆಯಿರಿ: ರಜೆ ಶುರುವಾಗುವ ಮೊದಲು ಒಂದು ವಾರ ಸಿಕ್ಕರೆ ಒಂದು, ಕೋರ್ಟು ತೆರೆದ ಮೇಲೆ ಎರಡು, ಉಳಿದದ್ದು ರಜೆಯಲ್ಲಿ. ಜೂನ್ ಮೊದಲ ಎರಡು ವಾರದಲ್ಲಿ ಕಾಣುವಷ್ಟು ಪಾಟೀ ಸವಾಲು ಇಡೀ ಮೇ ಕಾದರೂ ಕಾಣುವುದಿಲ್ಲ.

ಮೇ ತಿಂಗಳೇ ಗತಿ ಎಂದಾದರೂ ಕೆಲಸವಿದೆ, ಆದರೆ ಅದು ಬೇರೆ ಕೆಲಸ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಲೇಬೇಕಾದ್ದರಿಂದ ರಿಮಾಂಡ್ ನಿಲ್ಲುವುದಿಲ್ಲ, ತುರ್ತು ಜಾಮೀನು ಅರ್ಜಿಗಳೂ ನಡೆಯುತ್ತವೆ. ಬಂಧನದ ಕಾರಣ ತಿಳಿಸಿದ್ದಾರೆಯೇ, ಪೊಲೀಸರು ಹೊಡೆದರೇ ಎಂದು ನ್ಯಾಯಾಧೀಶರು ಕೇಳುತ್ತಾರೆಯೇ, ಆರ್ಡರ್ ಶೀಟಿನಲ್ಲಿ ಏನು ಬರೆದರು, ಇಷ್ಟನ್ನು ನೋಡಿ ಬರೆದರೂ ಒಳ್ಳೆಯ ಮೂರು ಪುಟ ಆಗುತ್ತದೆ. ಕಕ್ಷಿದಾರರ ಸಂದರ್ಶನವನ್ನು ಕಾನೂನು ನೆರವು ಕಚೇರಿಯಲ್ಲೂ ನೋಡಬಹುದು ಎಂದು ನಿಯಮವೇ ಹೇಳುತ್ತದೆ. ಕಾಲೇಜಿನ ಪತ್ರ ಹಿಡಿದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಯವರನ್ನು ಕೇಳಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು, ಹಾಗಾಗಿ ಅಲ್ಲಿಗೆ ಬರುವ ಸಮಸ್ಯೆಗಳ ವೈವಿಧ್ಯ ಖಾಸಗಿ ಕಚೇರಿಯಲ್ಲಿ ಸಿಗುವುದು ಕಷ್ಟ.

ಇನ್ನು ಆ ಚೆಕ್ ನೋಟಿಸು. ಏಪ್ರಿಲ್ 10ರ ಚೆಕ್ಕು. ಹಣವಿಲ್ಲವೆಂದು ಬ್ಯಾಂಕಿನ ಮೆಮೊ ಕಕ್ಷಿದಾರನ ಕೈಸೇರಿದ್ದು ಏಪ್ರಿಲ್ 28ಕ್ಕೆ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 138ರಡಿ ಲಿಖಿತ ನೋಟಿಸು ಕೊಡಲು ಅಲ್ಲಿಂದ 30 ದಿನ, ಮಾಹಿತಿ ಬಂದ ದಿನ ಬಿಟ್ಟು ಎಣಿಸಿದರೆ ಮೇ 28 ಕೊನೆ. ಮೇ 24ರಂದು ಸೀನಿಯರ್ ಸಹಿ ಹಾಕಿ ‘ಪೋಸ್ಟ್ ಮಾಡು’ ಎಂದು ಕೊಟ್ಟರು. ಕೋರ್ಟಿಗೆ ಹೇಗೂ ರಜೆ, ತೆರೆಯುವುದರೊಳಗೆ ಹಾಕಿದರಾಯ್ತು ಎಂದುಕೊಂಡ ಹುಡುಗ ಅದನ್ನು ಅಂಚೆಗೆ ಹಾಕಿದ್ದು ಮೇ 30ಕ್ಕೆ. ಅವಧಿ ಮುಗಿಯುವ ದಿನ ಕೋರ್ಟು ಮುಚ್ಚಿದ್ದರೆ ತೆರೆದ ದಿನ ಸಲ್ಲಿಸಬಹುದು ಎಂಬ ಕಾಲಮಿತಿ ಕಾಯ್ದೆಯ ಕಲಂ 4 ಅವನಿಗೆ ಬಾಯಿಪಾಠವಿತ್ತು. ಆದರೆ ಅದು ಕೋರ್ಟಿಗೆ ಸಲ್ಲಿಸುವ ಕಾಗದದ ಮಾತು. ನೋಟಿಸು ಹೋಗುವುದು ಅಂಚೆ ಕಚೇರಿಗೆ, ಅಂಚೆಗೆ ಬೇಸಿಗೆ ರಜೆ ಇಲ್ಲ. ದೂರು ಸಲ್ಲಿಸುವುದು ತಡವಾದರೆ ಸಕಾರಣ ತೋರಿಸಿ ಮನ್ನಾ ಕೇಳಬಹುದು, ನೋಟಿಸಿನ 30 ದಿನಕ್ಕೆ ಆ ಮನ್ನಾ ಇಲ್ಲ.

ಕಕ್ಷಿದಾರನ ಅದೃಷ್ಟ, ಚೆಕ್ಕಿನ 3 ತಿಂಗಳ ಅವಧಿ ಇನ್ನೂ ಮುಗಿದಿರಲಿಲ್ಲ. ಜೂನಿನಲ್ಲಿ ಮತ್ತೆ ಬ್ಯಾಂಕಿಗೆ ಹಾಕಿದರು, ಮತ್ತೆ ಬೌನ್ಸ್ ಆಯಿತು, ಹೊಸ ನೋಟಿಸು ಹೋಯಿತು. ಹೀಗೆ ಎರಡನೇ ಸಲದ ಬೌನ್ಸಿನ ಮೇಲೂ ದೂರು ಹೂಡಬಹುದೆಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಆ 3 ತಿಂಗಳೂ ಮುಗಿದುಬಿಟ್ಟಿದ್ದರೆ ಸಿವಿಲ್ ದಾವೆಯೊಂದೇ ದಾರಿಯಾಗುತ್ತಿತ್ತು. ಆದ್ದರಿಂದ ಇಂಥ ಕಾಗದ ಕೈಗೆ ಬಂದ ಕೂಡಲೇ ಕೇಸಿನ ಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಮೂರು ದಿನಾಂಕ ಬರೆಯಿರಿ: ಮೆಮೊ ಬಂದದ್ದು, ನೋಟಿಸಿನ ಕೊನೆ ದಿನ, ನೋಟಿಸು ಎದುರಾಳಿಗೆ ಮುಟ್ಟಿದ್ದು. ಮುಟ್ಟಿದ ಮೇಲೆ ಹಣ ಕೊಡಲು ಅವನಿಗೆ 15 ದಿನ, ಅದು ದಾಟಿದ ಮೇಲೆ ದೂರಿಗೆ ಒಂದು ತಿಂಗಳು. ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ರಸೀದಿಯನ್ನೂ ತಲುಪಿದ್ದರ ಟ್ರ್ಯಾಕಿಂಗ್ ಪ್ರತಿಯನ್ನೂ ಅಂದೇ ಕಟ್ಟಿಗೆ ಸೇರಿಸಿ. ಚೆಕ್ಕಿನ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಎರಡು ಸಲ ಹೋಲಿಸಿ ನೋಡಿ. ನೋಟಿಸಿನಲ್ಲಿ ಮೊತ್ತ ತಪ್ಪಿದರೆ ‘ಟೈಪಿಂಗ್ ತಪ್ಪು’ ಎಂಬ ಸಬೂಬು ನಡೆಯದೆಂದು ಸುಪ್ರೀಂ ಕೋರ್ಟ್ 2025ರಲ್ಲಿ ಸ್ಪಷ್ಟಪಡಿಸಿದೆ.

ನಮ್ಮ ಕಡೆ ಇಂಟರ್ನ್‌ಗಳು ಎಡವುವ ಇನ್ನೊಂದು ಜಾಗ ಪಹಣಿ. ಪಠ್ಯಪುಸ್ತಕದಲ್ಲಿ ಅದು ಇರುವುದಿಲ್ಲ. 2-20 ಎಂದರೆ 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ನಗರದ ಕಾಲೇಜಿನಿಂದ ಬಂದವರು ಅದನ್ನು 2.20 ಎಂದು ಟೈಪ್ ಮಾಡಿ, ಇನ್ನೊಂದು ಜಮೀನಿನ 1-25ನ್ನೂ 1.25 ಮಾಡಿ ಕೂಡಿಸಿ 3.45 ಎಕರೆ ಎಂದು ದಾವೆಯ ಆಸ್ತಿ ಷೆಡ್ಯೂಲ್ ಬರೆದಿಟ್ಟುಬಿಡುತ್ತಾರೆ. 40 ಗುಂಟೆಗೆ ಒಂದು ಎಕರೆ, ಆದ್ದರಿಂದ ಸರಿಯಾದ ಉತ್ತರ 4 ಎಕರೆ 5 ಗುಂಟೆ. ಕಾಲಂ 9ರಲ್ಲಿ ಖಾತೆದಾರ, 12ರಲ್ಲಿ ಸಾಗುವಳಿದಾರ, 11ರಲ್ಲಿ ಸಾಲ ಮತ್ತು ಋಣಭಾರ; ಮೂರನ್ನೂ ಓದದೆ ಪಹಣಿ ನೋಡಿದೆ ಎನ್ನಬೇಡಿ. ವಂಶವೃಕ್ಷ ಬರೆಯಲು ಕೂತಾಗ ಕಕ್ಷಿದಾರ ‘ಹೆಣ್ಮಕ್ಳು ಮದುವೆ ಆಗಿ ಹೋಗ್ಯಾರ, ಅವರೇನೂ ಕೇಳಲ್ಲ’ ಅನ್ನುತ್ತಾನೆ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು, ಆ ಹಕ್ಕು ಕೊಟ್ಟ ತಿದ್ದುಪಡಿ ಜಾರಿಯಾದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕೆಂದೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ಒಬ್ಬ ಮಗಳು ವಂಶವೃಕ್ಷದಿಂದ ಬಿಟ್ಟುಹೋದರೂ ಅಗತ್ಯ ಪಕ್ಷಕಾರರನ್ನು ಸೇರಿಸಿಲ್ಲವೆಂಬ ಆಕ್ಷೇಪ ಬಂದು ಪಾಲಿನ ದಾವೆ ವರ್ಷಗಟ್ಟಲೆ ಹಿಂದೆ ಬೀಳುತ್ತದೆ. ಹೆಸರು, ವಯಸ್ಸು, ಸತ್ತಿದ್ದರೆ ದಿನಾಂಕ, ಅವರ ವಾರಸುದಾರರು, ಇಷ್ಟನ್ನು ಕೇಳಿ ಕೇಳಿ ಬರೆಸಿಕೊಳ್ಳಿ.

ರಾಷ್ಟ್ರೀಯ ಹೆದ್ದಾರಿ 48 ಚಿತ್ರದುರ್ಗ, ದಾವಣಗೆರೆ, ಹರಿಹರಗಳ ಮೇಲೆ ಹಾಯುವುದರಿಂದ ಇಲ್ಲಿನ ಕಚೇರಿಗಳ ಕಪಾಟಿನಲ್ಲಿ ಎಂ.ವಿ.ಸಿ., ಅಂದರೆ ವಾಹನ ಅಪಘಾತ ಪರಿಹಾರದ ಕಟ್ಟುಗಳಿಗೆ ಬರವಿಲ್ಲ. ರಜೆಯಲ್ಲಿ, ಈಗಾಗಲೇ ತೀರ್ಪಾದ ಕಟ್ಟೊಂದನ್ನು ಕೇಳಿ ತೆಗೆದುಕೊಂಡು ತೀರ್ಪಿನ ಪುಟ ಮುಚ್ಚಿ ಪರಿಹಾರದ ಲೆಕ್ಕ ನೀವೇ ಮಾಡಿ. 34 ವರ್ಷದ ಸ್ವಯಂ ಉದ್ಯೋಗಿ, ತಿಂಗಳಿಗೆ 15,000 ರೂಪಾಯಿ ಆದಾಯ, ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವಲಂಬಿತರು ಎನ್ನಿ. 40ರ ಒಳಗಿನವರಿಗೆ ಭವಿಷ್ಯದ ಹೆಚ್ಚಳ ಶೇ 40 ಸೇರಿದರೆ 21,000. ವರ್ಷಕ್ಕೆ 2,52,000. ನಾಲ್ವರು ಅವಲಂಬಿತರಾದ್ದರಿಂದ ಸ್ವಂತ ಖರ್ಚಿಗೆ ನಾಲ್ಕನೇ ಒಂದು ಭಾಗ ಕಳೆದರೆ 1,89,000. 31ರಿಂದ 35ರ ವಯಸ್ಸಿಗೆ ಗುಣಕ 16, ಅಲ್ಲಿಗೆ 30,24,000. ಇದರ ಮೇಲೆ ಅಂತ್ಯಕ್ರಿಯೆ, ಸಾಂಗತ್ಯ ನಷ್ಟದಂಥ ಬಾಬತ್ತುಗಳು. ನಿಮ್ಮ ಲೆಕ್ಕಕ್ಕೂ ತೀರ್ಪಿಗೂ ಎಲ್ಲಿ ವ್ಯತ್ಯಾಸ ಬಂತೋ ಅಲ್ಲಿ ಯಾವುದೋ ದಾಖಲೆ ಸಾಬೀತಾಗಿಲ್ಲ ಎಂದರ್ಥ. ಹೆಚ್ಚಾಗಿ ಆದಾಯದ ದಾಖಲೆ. ಈ ಒಂದು ಮಧ್ಯಾಹ್ನದ ಕೆಲಸಕ್ಕೆ ಯಾರ ಅನುಮತಿಯೂ ಬೇಡ, ಕಟ್ಟು ಕೇಳುವ ಧೈರ್ಯ ಬೇಕು ಅಷ್ಟೆ.

ಕೆಲವು ಕೆಲಸಗಳನ್ನು ಯಾರು ಹೇಳಿದರೂ ಮಾಡಬೇಡಿ. ವಕಾಲತ್ತಿಗೆ, ಮೆಮೊಗೆ ಸಹಿ ಹಾಕಬೇಡಿ. ‘ಸರ್ ಬರ್ತಿದ್ದಾರೆ, ಪಾಸ್ ಓವರ್ ಕೊಡಿ’ (ಕೇಸನ್ನು ಸ್ವಲ್ಪ ಹೊತ್ತು ಬಿಟ್ಟು ಕರೆಯಿರಿ) ಎಂದು ಕೋರ್ಟಿನಲ್ಲಿ ನೀವಾಗಿ ಎದ್ದು ನಿಲ್ಲಬೇಡಿ. ನೋಂದಾಯಿತ ವಕೀಲರಲ್ಲದೆ ವೃತ್ತಿ ನಡೆಸಿದರೆ ವಕೀಲರ ಕಾಯ್ದೆ 1961ರ ಕಲಂ 45ರಡಿ ಆರು ತಿಂಗಳವರೆಗೆ ಜೈಲು. ಇಂಟರ್ನ್‌ಗೆ ಬಿಳಿ ಅಂಗಿ, ಕಪ್ಪು ಟೈ, ಕಪ್ಪು ಕೋಟು ಸಾಕು, ಬ್ಯಾಂಡು ಗೌನು ವಕೀಲರಿಗೆ. ಕಕ್ಷಿದಾರ ‘ಸರ್‌ಗೆ ಕೊಟ್ಬಿಡಿ’ ಎಂದು ದುಡ್ಡು ಚಾಚಿದರೆ ಗುಮಾಸ್ತರನ್ನು ತೋರಿಸಿ. ಕಟ್ಟಿನ ಫೋಟೋ ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹೋಗಲೇಬಾರದು: ಕಕ್ಷಿದಾರ ಹೇಳಿದ್ದನ್ನು ಗುಟ್ಟಾಗಿಡುವ ಹೊಣೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 132ರ ಪ್ರಕಾರ ವಕೀಲರ ಗುಮಾಸ್ತರು, ನೌಕರರಿಗೂ ಇದೆ. ಪೋಕ್ಸೊ ಮತ್ತು ಅತ್ಯಾಚಾರದ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ, ಆಗ ಹೊರಗೆ ಬನ್ನಿ. ಕಟ್ಟಿನಲ್ಲಿ ಸಂತ್ರಸ್ತೆಯ ಹೆಸರು ಕಂಡರೂ ಡೈರಿಗೆ ಬರೆಯಬೇಡಿ. ಆ ಡೈರಿ ಎಷ್ಟು ಕೈ ದಾಟುತ್ತದೆಂದು ನಿಮಗೆ ಗೊತ್ತಿರುವುದಿಲ್ಲ.

ವಿದ್ಯಾರ್ಥಿನಿಯರಿಗೆ ಒಂದು ಮಾತು. ಇಲ್ಲಿನ ಬಹಳಷ್ಟು ಕಚೇರಿಗಳು ಮನೆಯ ಮುಂದಿನ ಕೋಣೆಯಲ್ಲೇ ಇರುತ್ತವೆ, ಕಕ್ಷಿದಾರರು ಬರುವುದು ಸಂಜೆ ಮೇಲೆ. ಸಂಜೆ ಎಷ್ಟು ಹೊತ್ತಿನವರೆಗೆ ಇರಬೇಕು, ಬೇರೆ ಜೂನಿಯರ್‌ಗಳು ಯಾರಿರುತ್ತಾರೆ ಎಂದು ಸೇರುವ ಮೊದಲೇ ಕೇಳುವುದರಲ್ಲಿ ಸಂಕೋಚ ಬೇಡ. ಲೈಂಗಿಕ ಕಿರುಕುಳವಾದರೆ, ಕೆಲಸದ ಜಾಗದಲ್ಲಿ ಅದನ್ನು ತಡೆಯುವ 2013ರ ಕಾಯ್ದೆ ತರಬೇತಿಯಲ್ಲಿರುವವರಿಗೂ ಅನ್ವಯಿಸುತ್ತದೆ. ಹತ್ತಕ್ಕಿಂತ ಕಡಿಮೆ ಜನರಿರುವ ಕಚೇರಿಯ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು, ಮೂರು ತಿಂಗಳೊಳಗೆ.

ಡೈರಿಯ ವಿಷಯಕ್ಕೆ ಬಂದರೆ, ಹಿಂದಿನ ಸಂಜೆಯೇ ಇ-ಕೋರ್ಟ್ಸ್ ಆ್ಯಪಿನಲ್ಲಿ ಮರುದಿನದ ಪಟ್ಟಿ ನೋಡಿ, ಸಾಕ್ಷ್ಯದ ಹಂತದಲ್ಲಿರುವ ಒಂದು ಕೇಸು ಗುರುತು ಮಾಡಿ. ಪ್ರತಿ ಕೇಸಿಗೂ ಇರುವ, ಕೆಎ ಎಂದು ಶುರುವಾಗುವ 16 ಅಕ್ಷರದ ಸಿಎನ್‌ಆರ್ ಸಂಖ್ಯೆ ಬರೆದಿಟ್ಟುಕೊಂಡರೆ ಮುಂದಿನ ತಾರೀಕು ಯಾರನ್ನೂ ಕೇಳಬೇಕಾಗಿಲ್ಲ. ಸಿವಿಲ್ ಕೇಸಿನಲ್ಲಿ ಮುಖ್ಯ ವಿಚಾರಣೆ ಪ್ರಮಾಣಪತ್ರದ ರೂಪದಲ್ಲಿ ಬರುವುದರಿಂದ ಅದನ್ನು ಮೊದಲೇ ಓದದೆ ಪಾಟೀ ಸವಾಲಿಗೆ ಕೂತರೆ ತಲೆ ಬುಡ ತಿಳಿಯುವುದಿಲ್ಲ. ಕ್ರಿಮಿನಲ್ ಕೇಸಾದರೆ ಮೊದಲು ಅಪರಾಧ ನಡೆದ ದಿನಾಂಕ ಬರೆಯಿರಿ. 2024ರ ಜುಲೈ 1ಕ್ಕಿಂತ ಹಿಂದಿನದಾದರೆ ಐಪಿಸಿ, ಆಮೇಲಿನದಾದರೆ ಭಾರತೀಯ ನ್ಯಾಯ ಸಂಹಿತೆ. ಒಂದೇ ಹಾಲಿನಲ್ಲಿ ಒಂದೇ ದಿನ ಒಂದು ಕೊಲೆ ಕೇಸು 302ರಲ್ಲಿ, ಇನ್ನೊಂದು 103ರಲ್ಲಿ ನಡೆಯುವುದುಂಟು. ಪ್ರತಿ ಶನಿವಾರ ಸೀನಿಯರ್ ಸಹಿ ಹಾಕಿಸಿಕೊಳ್ಳಿ, ಕೊನೇ ದಿನ ನಾಲ್ಕು ವಾರದ್ದು ಒಟ್ಟಿಗೆ ಬೇಡ. ಒಂದೇ ಪೆನ್ನಿನ, ಒಂದೇ ದಿನದ ಸಹಿಗಳನ್ನು ಗುರುತಿಸುವುದು ಕಾಲೇಜಿನವರಿಗೆ ಕಷ್ಟವಲ್ಲ.

ಆ ಹುಡುಗನಿಗೆ ವಿಚಾರಣೆ ನೋಡಿದ ಭಾಗವನ್ನು ಮತ್ತೆ ಮಾಡಿಕೊಂಡು ಬಾ ಎಂದಿದ್ದಾರೆ. ದಸರಾ ರಜೆಯಲ್ಲಿ ಊರಿಗೆ ಬಂದು ಮುಗಿಸಿಬಿಡುತ್ತೇನೆ ಎಂದು ಅವನು ಸೀನಿಯರ್‌ಗೆ ಫೋನು ಮಾಡಿದ್ದನಂತೆ. ದಸರೆಗೂ ಸಿವಿಲ್ ಕೋರ್ಟಿಗೆ ರಜೆ ಇದೆ.