ಸ್ವಂತ ಗಾಡಿಯನ್ನು ಕೊರಿಯರ್‌ಗೆ ಅಟ್ಯಾಚ್ ಮಾಡಿಸುವ ಮುನ್ನ ಚಿಕ್ಕಮಗಳೂರಿನವರು ಇದನ್ನು ಓದಿ

"ಸ್ವಂತ ಗಾಡಿ ಇದ್ದರೆ ತಿಂಗಳಿಗೆ 40 ಸಾವಿರ, ನೀವೇ ಓನರ್" ಅನ್ನೋ ಮೆಸೇಜ್ ಮತ್ತೆ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ಅದನ್ನು ನಂಬಿ ಸಾಲ ಮಾಡಿ ಈಕೊ ವ್ಯಾನು, ಟಾಟಾ ಏಸ್ ತೆಗೆಯಲು ಹೊರಟ ಹುಡುಗರು ನನಗೆ ಗೊತ್ತು. ಅವರಿಗಾಗಿ ಬರೆಯುತ್ತಿದ್ದೇನೆ. ಕೊರಿಯರ್ ಕಂಪನಿಗೆ ಗಾಡಿ ಒದಗಿಸುವ ವೆಂಡರ್ (ನಡುವಿನ ಗುತ್ತಿಗೆದಾರ) ಮೂಲಕ, ಚಿಕ್ಕಮಗಳೂರಿನ ಒಂದು ಹಬ್‌ನಿಂದ (ಪಾರ್ಸಲ್ ಹಂಚುವ ಕೇಂದ್ರ) ಆಲ್ದೂರು ಕಡೆಯ ರೂಟನ್ನು ನನ್ನದೇ ಗಾಡಿಯಲ್ಲಿ ಓಡಿಸಿ, ಕೈ ಸುಟ್ಟುಕೊಂಡು ಬಿಟ್ಟವನು ನಾನು.

ಮೊದಲು ದರದ ವಿಷಯ. ನನಗೆ ಕೊಡುತ್ತಿದ್ದದ್ದು ಪಾರ್ಸಲ್‌ಗೆ 15 ರೂಪಾಯಿ, ಅದೂ ಗಿರಾಕಿ ಕೈಗೆ ತಲುಪಿದ ಪಾರ್ಸಲ್‌ಗೆ ಮಾತ್ರ. ಪೇಟೆಯೊಳಗೆ ಒಂದೇ ಬೀದಿಯಲ್ಲಿ ಹತ್ತು ಮನೆ ಸಿಗುವ ಕಡೆ ಈ ದರ ನಡೆಯಬಹುದು. ನಮ್ಮ ಮಲೆನಾಡಿನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಲು ಒಂದು ಗುಡ್ಡ ಹತ್ತಿ ಇಳಿಯಬೇಕು. ನೀವೇ ಲೆಕ್ಕ ಹಾಕಿ. ದಿನಕ್ಕೆ 90 ಕಿಲೋಮೀಟರ್ ಓಡಿ, ಎಸ್ಟೇಟ್ ರಸ್ತೆಯಲ್ಲಿ ಲೀಟರಿಗೆ 15 ಕಿಲೋಮೀಟರ್ ಬಂತು ಅಂದುಕೊಳ್ಳಿ. ಆರು ಲೀಟರ್ ಪೆಟ್ರೋಲ್ ಅಂದರೆ 600 ರೂಪಾಯಿಗೆ ಕಡಿಮೆಯಿಲ್ಲ. ಮೊದಲ 40 ಪಾರ್ಸಲ್ ಬರೀ ಪೆಟ್ರೋಲಿಗೆ ಹೋಯಿತು. ಟೈರು, ಕ್ಲಚ್, ಇಎಂಐ, ಮನೆ ಖರ್ಚು ಎಲ್ಲ ಅದರ ಮೇಲಿನದ್ದು. ಪೂರ್ತಿ ನಲವತ್ತು ಪಾರ್ಸಲ್ ಖಾಲಿಯಾಗದ ದಿನಗಳೇ ನನಗೆ ಹೆಚ್ಚು ಸಿಕ್ಕಿದ್ದು.

ಯಾಕೆ ಖಾಲಿಯಾಗುವುದಿಲ್ಲ ಅನ್ನುವುದಕ್ಕೆ ಒಂದು ಉದಾಹರಣೆ. ಜುಲೈ ಮಳೆ. ತೋಟದ ಕಾರ್ಮಿಕರ ಲೈನ್ ಮನೆಯೊಂದಕ್ಕೆ ಗಂಬೂಟು ಬಂದಿತ್ತು. ಬಾಗಿಲಲ್ಲೇ ನಿಂತಿದ್ದ ಅಮ್ಮನಿಗೆ ಒಟಿಪಿ ಕೇಳಿದೆ. "ಅದು ನನ್ ಮಗನ ನಂಬರ್ ಕಣಪ್ಪ, ಅವನು ಬೆಂಗಳೂರಲ್ಲಿದಾನೆ" ಅಂದರು. ಆ ಲೈನಿನಲ್ಲಿ ಯಾರ ಫೋನಿಗೂ ನೆಟ್‌ವರ್ಕ್ ಇಲ್ಲ. ಮೇಲೆ ಕಾಫಿ ಕಣದ ಮೂಲೆಯಲ್ಲಿ ಮಾತ್ರ ಎರಡು ಪಾಯಿಂಟ್ ಸಿಗುತ್ತದೆ. ಅಲ್ಲಿಗೆ ಹತ್ತಿ ಹೋಗಿ ಫೋನ್ ಮಾಡಿದರೆ ಮಗ ಡ್ಯೂಟಿಯಲ್ಲಿ, ಎತ್ತಲಿಲ್ಲ. ಗಂಬೂಟು ಬೇಕಾದವರು ಒದ್ದೆ ಕಾಲಲ್ಲಿ ಎದುರಿಗೇ ನಿಂತಿದ್ದಾರೆ, ನಾನು ಬಾಕ್ಸ್ ವಾಪಸ್ ತಂದೆ. ಸಂಜೆ ಹಬ್‌ನಲ್ಲಿ ಆ ಪಾರ್ಸಲ್‌ಗೆ ದುಡ್ಡಿಲ್ಲ. ಅದರ ಮೇಲೆ, ಆ್ಯಪ್‌ನಲ್ಲಿ ಲೊಕೇಶನ್ ತೋರಿಸುತ್ತಿಲ್ಲ, ನೀನು ಅಲ್ಲಿಗೆ ಹೋಗೇ ಇಲ್ಲ ಅಂತ ದಂಡ. ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಲೊಕೇಶನ್ ಎಲ್ಲಿಂದ ಹೋಗಬೇಕು ಅಂತ ಕೇಳಿದರೆ ಉತ್ತರ ಕೊಡುವವರೇ ಇಲ್ಲ.

ರಿಟರ್ನ್ ಪಿಕಪ್ ಇದಕ್ಕಿಂತ ಅಪಾಯ. ಗಿರಾಕಿ ಮೊಬೈಲ್ ವಾಪಸ್ ಕೊಡುತ್ತಾರೆ, ನೀವು ಫೋಟೊ ತೆಗೆದು ಪ್ಯಾಕ್ ಮಾಡಿ ಹಬ್‌ಗೆ ಒಪ್ಪಿಸುತ್ತೀರಿ. ವಾರಗಳಾದ ಮೇಲೆ ಗೋಡೌನ್‌ನಲ್ಲಿ ಬೇರೆ ಸೆಟ್ ಇತ್ತು ಅಂತ ನಿಮ್ಮ ಬಿಲ್ಲಿನಿಂದ ಮುರಿದುಕೊಳ್ಳುತ್ತಾರೆ. ನನಗೆ ಹೀಗೆ ಒಂದೇ ಪಾರ್ಸಲ್‌ಗೆ 11 ಸಾವಿರ ಹೋಯಿತು. ನಡುವೆ ಎಷ್ಟು ಕೈ ದಾಟಿದೆಯೋ, ಸಿಗುವವನು ಡ್ರೈವರ್ ಒಬ್ಬನೇ. ಬಿಟ್ಟು ಬರುವಾಗ ನಾನು ಕಟ್ಟಿದ್ದ 20 ಸಾವಿರ ಡಿಪಾಸಿಟ್ ವಾಪಸ್ ಕೇಳಿದೆ. ಅದನ್ನೂ ಹೀಗೇ "ಶಾರ್ಟೇಜ್" ಅಂತ ಬರೆದು ಮುಗಿಸಿದರು.

ಇನ್ನು ವೈಟ್ ಬೋರ್ಡ್. ದಯವಿಟ್ಟು ಇದನ್ನು ಗಮನವಿಟ್ಟು ಓದಿ. "3,000 ಕೆಜಿ ಒಳಗಿನ ಗಾಡಿಗೆ ಪರ್ಮಿಟ್ಟೇ ಬೇಡ, ವೈಟ್ ಬೋರ್ಡಲ್ಲೇ ಓಡಿಸಿ, ನಾವು ನೋಡ್ಕೊಳ್ತೀವಿ" ಅನ್ನುತ್ತಾರೆ ವೆಂಡರ್‌ಗಳು. ಇದರಲ್ಲಿ ಅರ್ಧ ಮಾತ್ರ ನಿಜ. ಮೋಟಾರು ವಾಹನ ಕಾಯ್ದೆಯಲ್ಲಿ ಒಟ್ಟು ತೂಕ 3,000 ಕೆಜಿ ಮೀರದ ಗೂಡ್ಸ್ ಗಾಡಿಗೆ ಪರ್ಮಿಟ್ ವಿನಾಯಿತಿ ಇರುವುದು ಹೌದು. ಆದರೆ ಅದು ಗೂಡ್ಸ್ ಗಾಡಿ ಅಂತ ರಿಜಿಸ್ಟರ್ ಆಗಿರಬೇಕು, ಯೆಲ್ಲೋ ಬೋರ್ಡ್ ಇರಬೇಕು, ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಇರಬೇಕು, ಕಮರ್ಷಿಯಲ್ ಇನ್ಶೂರೆನ್ಸ್ ಇರಬೇಕು. ನನ್ನ ಜೊತೆ ಓಡಿಸುತ್ತಿದ್ದ ಮೂಡಿಗೆರೆ ರೂಟಿನ ಹುಡುಗನೊಬ್ಬ ಅವರ ಮಾತು ಕೇಳಿ ಮನೆಯ ಓಮ್ನಿಯನ್ನೇ ಹಾಕಿದ್ದ. ಮಳೆಯಲ್ಲಿ ತಿರುವಿನಲ್ಲಿ ಜಾರಿ ಚರಂಡಿಗೆ ಬಿತ್ತು. ಸರ್ವೇಯರ್ ಬಂದಾಗ ಹಿಂದೆ ಪಾರ್ಸಲ್ ತುಂಬಿತ್ತು, ಕ್ಲೇಮ್ ರಿಜೆಕ್ಟ್. ಬಾಡಿಗೆಗೆ ಓಡಿಸಿದರೆ, ಸರಕು ಸಾಗಿಸಿದರೆ ಪರಿಹಾರವಿಲ್ಲ ಅಂತ ಪ್ರೈವೇಟ್ ಪಾಲಿಸಿಯಲ್ಲೇ ಅಚ್ಚಾಗಿರುತ್ತದೆ. ನೋಡಿಕೊಳ್ಳುತ್ತೇವೆ ಅಂದಿದ್ದವರು ಮಾರನೇ ದಿನ ಆ ರೂಟನ್ನು ಬೇರೆಯವನಿಗೆ ಕೊಟ್ಟರು. ಆ ಹುಡುಗನ ಅಪ್ಪ ಗಾಡಿ ರಿಪೇರಿಗೆ ಸೊಸೈಟಿಯಲ್ಲಿ ಸಾಲ ಮಾಡಿದರು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ನಮ್ಮ ಅಗ್ರಿಮೆಂಟ್ ಇಂಗ್ಲಿಷಿನಲ್ಲಿತ್ತು. ಅದರ ಪ್ರಕಾರ ನಾವು ಸ್ವತಂತ್ರ ಗುತ್ತಿಗೆದಾರರು. ಹಾಗಾಗಿ ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ರಜೆಯೂ ಇಲ್ಲ. ಟಿಡಿಎಸ್ (ಮೊದಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಅಂತ 1% ಹಿಡಿಯುತ್ತಿದ್ದರು, ತೆರಿಗೆ ಜಮಾ ತೋರಿಸುವ ನನ್ನ 26ಎಎಸ್ ತೆಗೆದು ನೋಡಿದರೆ ಒಂದು ರೂಪಾಯಿಯೂ ಜಮಾ ಆಗಿರಲಿಲ್ಲ. ಯಾರಿಗಾದರೂ ಟಿಡಿಎಸ್ ಹಿಡಿಯುತ್ತಿದ್ದರೆ ಇವತ್ತೇ ಪ್ಯಾನ್ ಹಾಕಿ ಪರಿಶೀಲಿಸಿ. ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ ನಮ್ಮ ರಾಜ್ಯ 2025ರಲ್ಲಿ ಕಾನೂನು ತಂದಿದೆ, ಲಾಜಿಸ್ಟಿಕ್ಸ್ ಕೆಲಸವೂ ಅದರಲ್ಲಿ ಸೇರಿದೆ. ಆದರೆ ನಡುವೆ ವೆಂಡರ್ ಇದ್ದಾಗ ಕಂಪನಿಯ ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯೋ ಇಲ್ಲವೋ ಕೇಳಿ ತಿಳಿದುಕೊಳ್ಳಬೇಕು. ನಾನು ಬಳಸುತ್ತಿದ್ದ ಐಡಿಯೇ ಇನ್ಯಾರದ್ದೋ ಹೆಸರಿನಲ್ಲಿತ್ತು.

ಕೆಲಸ ಬೇಕೇ ಬೇಕು ಅನ್ನುವವರು ಪಾರ್ಸಲ್ ಲೆಕ್ಕಕ್ಕೆ ಒಪ್ಪಬೇಡಿ. ದಿನಕ್ಕೆ ಇಷ್ಟು ಬಾಡಿಗೆ, ಇಷ್ಟು ಕಿಲೋಮೀಟರ್‌ವರೆಗೆ, ಮೇಲೆ ಓಡಿದ್ದಕ್ಕೆ ಕಿಲೋಮೀಟರಿಗೆ ಇಷ್ಟು ಅಂತ ಬರೆಸಿಕೊಳ್ಳಿ. ಬೆಳಿಗ್ಗೆ ಬ್ಯಾಗ್ ತೆರೆದು ಎಣಿಸದೆ ಸ್ಕ್ಯಾನ್ ಮಾಡಬೇಡಿ. ರಿಟರ್ನ್ ಮೊಬೈಲ್ ಆದರೆ ಐಎಂಇಐ (ಆ ಸೆಟ್ಟಿನ ಗುರುತಿನ) ನಂಬರ್ ಕಾಣುವಂತೆ ಗಿರಾಕಿ ಎದುರೇ ವಿಡಿಯೊ ಮಾಡಿ. ಸಿಒಡಿ ದುಡ್ಡು (ಗಿರಾಕಿ ಬಾಗಿಲಲ್ಲಿ ಕೊಟ್ಟ ನಗದು) ಹಬ್‌ನಲ್ಲಿ ಕಟ್ಟಿದ್ದಕ್ಕೆ ಅವತ್ತೇ ರಸೀದಿ ಕೇಳಿ. ಗಾಡಿಗೆ ಅಡ್ವಾನ್ಸ್ ಕೊಡುವ ಮೊದಲು, ಅದೇ ರೂಟ್ ಈಗಾಗಲೇ ಓಡಿಸುತ್ತಿರುವವನ ಪಕ್ಕದಲ್ಲಿ ಕೂತು ಬೆಳಿಗ್ಗೆಯಿಂದ ಸಂಜೆವರೆಗೆ ಸುತ್ತಿ ಬನ್ನಿ, ಅವನ ಕಳೆದ ತಿಂಗಳ ಬಿಲ್ ತೋರಿಸಲು ಹೇಳಿ. ವೆಂಡರ್ ಅದಕ್ಕೆ ಒಪ್ಪದಿದ್ದರೆ ಡಿಪಾಸಿಟ್ ಕಟ್ಟದೆ ಎದ್ದು ಬನ್ನಿ.