ನೆತ್ತಿ ಪೂರ್ತಿ ಬೋಳಾದವರು ಕೂದಲು ಕಸಿಗೆ ಮುಂಗಡ ಕಟ್ಟುವ ಮುನ್ನ ಓದಿ

ಮುಂಗಡ ಕಟ್ಟಬೇಡಿ. ಮೊದಲು ಇದನ್ನು ಓದಿ. ಮನೆಯವರಿಗೂ ಪೂರ್ತಿ ಹೇಳದ ಸಂಗತಿಯನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತಿದೆ. ಆದರೆ ನಾನು ಕುಳಿತಿದ್ದ ಅದೇ ಕುರ್ಚಿಯಲ್ಲಿ ಈ ವಾರವೂ ಯಾರೋ ಒಬ್ಬರು ಕುಳಿತಿರುತ್ತಾರೆ ಎಂದು ನೆನೆದರೆ ಸುಮ್ಮನಿರಲಾಗುತ್ತಿಲ್ಲ.

ನನಗೆ 44 ವರ್ಷ. ಹಾಸನ ಜಿಲ್ಲೆಯಲ್ಲಿ ಪ್ರೌಢಶಾಲಾ ಶಿಕ್ಷಕ. ಮೂವತ್ತು ದಾಟುವಾಗಲೇ ಹಣೆಯ ಎರಡೂ ಬದಿ ಹಿಂದೆ ಸರಿದಿತ್ತು. ನಲವತ್ತಕ್ಕೆ ಹಣೆಯೂ ನೆತ್ತಿಯೂ ಒಂದಾಗಿ, ಕಿವಿಗಳ ಮೇಲಿಂದ ಹಿಂದಲೆಗೆ ಒಂದು ಪಟ್ಟಿ ಮಾತ್ರ ಉಳಿಯಿತು. ಗಂಡಸರ ಬೋಳನ್ನು ವೈದ್ಯರು ನಾರ್ವುಡ್ ಎಂಬ ಅಳತೆಯಲ್ಲಿ ಏಳು ಹಂತಗಳಾಗಿ ಗುರುತಿಸುತ್ತಾರೆ. ನನ್ನದು ಆರನೆಯ ಹಂತ. ಈ ಮಾತು ನನಗೆ ಗೊತ್ತಾದದ್ದು ಹಣ ಹೋದ ಮೇಲೆ.

ಅಣ್ಣನ ಮಗಳ ಮದುವೆ ಒಂದು ವರ್ಷ ದೂರವಿತ್ತು. ಜಾಹೀರಾತು ನೋಡಿ ಬೆಂಗಳೂರಿನ ಒಂದು ಕ್ಲಿನಿಕ್ಕಿಗೆ ಹೋದೆ. ನನ್ನ ತಲೆಯನ್ನು ನೋಡಿದವರು ವೈದ್ಯರಲ್ಲ, ಕೌನ್ಸೆಲರ್. ಆಕೆ ಮೊಬೈಲಿನಲ್ಲಿ ಫೋಟೊ ತೋರಿಸಿದರು. ಹಣೆಯ ಮೂಲೆಗಳಷ್ಟೇ ಖಾಲಿಯಾಗಿದ್ದ ಹುಡುಗನೊಬ್ಬ, ಪಕ್ಕದಲ್ಲಿ ಅದೇ ಹುಡುಗ ತುಂಬು ಕೂದಲಿನೊಂದಿಗೆ. ನನ್ನಂತಹ ತಲೆಯ ಒಂದು ಫೋಟೊ ಕೂಡ ತೋರಿಸಲಿಲ್ಲ. ನಾನೂ ಕೇಳಲಿಲ್ಲ. ‘ನನಗೆ ಪೂರ್ತಿ ಮುಚ್ಚುತ್ತದೆಯೇ ಮೇಡಂ?’ ಎಂದೆ. ‘ಖಂಡಿತ ಸರ್, 2,800 ಗ್ರಾಫ್ಟ್ ಸಾಕು. ಒಂದಕ್ಕೆ 50 ರೂಪಾಯಿ, ಇವತ್ತೇ ಮುಂಗಡ ಕಟ್ಟಿದರೆ 35’ ಎಂದರು. ಗ್ರಾಫ್ಟ್ ಎಂದರೆ ಹಿಂದಲೆಯಿಂದ ತೆಗೆದು ಮುಂದೆ ನೆಡುವ ಕೂದಲಿನ ಬುಡ. ಒಟ್ಟು 98,000 ರೂಪಾಯಿ. ಅಲ್ಲೇ 20,000 ಕಟ್ಟಿದೆ. ಉಳಿದದ್ದಕ್ಕೆ ಸೊಸೈಟಿಯಲ್ಲಿ ಸಾಲ ಮಾಡಿದೆ.

ಶಸ್ತ್ರಚಿಕಿತ್ಸೆಯ ದಿನ ಬಿಳಿ ಕೋಟಿನವರೊಬ್ಬರು ಬಂದು ಹಣೆಯ ಮೇಲೆ ಪೆನ್ನಿನಿಂದ ಗೆರೆ ಎಳೆದರು. ಐದು ನಿಮಿಷ ಇರಲಿಲ್ಲ, ಹೋದರು. ಮತ್ತೆ ಅವರ ಮುಖ ಕಾಣಲಿಲ್ಲ. ಚುಚ್ಚುಮದ್ದು ಕೊಟ್ಟವರು, ಹಿಂದಲೆಯಿಂದ ಕೂದಲಿನ ಬುಡಗಳನ್ನು ಕೊರೆದು ತೆಗೆದವರು, ಮುಂದೆ ನೆಟ್ಟವರು ಎಲ್ಲರೂ ಇಬ್ಬರು ಹುಡುಗರು. ನಾನು ಬೋರಲಾಗಿ ಮಲಗಿದ್ದೆ. ಮುಖದ ಕೆಳಗೆ ದಿಂಬು, ಕಿವಿಯ ಹತ್ತಿರ ಯಂತ್ರದ ಗುಂಯ್ ಸದ್ದು. ‘ಡಾಕ್ಟರ್ ಎಲ್ಲಿ?’ ಎಂದು ಎರಡು ಸಲ ಕೇಳಿದೆ. ‘ಪಕ್ಕದ ರೂಮಿನಲ್ಲಿದ್ದಾರೆ ಸರ್, ಅಲ್ಲಾಡಬೇಡಿ’ ಎಂದರು.

ಮೂರನೆಯ ವಾರ ನೆಟ್ಟ ಕೂದಲು ಉದುರಿತು. ಅದು ಸಹಜ, ಮೂರು ನಾಲ್ಕು ತಿಂಗಳಿನಿಂದ ಮತ್ತೆ ಹುಟ್ಟುತ್ತದೆ. ಅಷ್ಟು ಮಟ್ಟಿಗೆ ಅವರು ಹೇಳಿದ್ದು ನಿಜ. ಹುಟ್ಟಿತು ಕೂಡ. ಆದರೆ ಇಲ್ಲೊಂದು, ಅಲ್ಲೊಂದು. ಬಿಸಿಲಿಗೆ ನಿಂತರೆ ನೆತ್ತಿ ಮೊದಲಿನಂತೆಯೇ ಹೊಳೆಯುತ್ತಿತ್ತು.

ಎಂಟನೆಯ ತಿಂಗಳು. ಹದಿನೈದು ವರ್ಷದಿಂದ ನನ್ನ ತಲೆ ಬಲ್ಲ ಕ್ಷೌರಿಕ ಕತ್ತರಿ ನಿಲ್ಲಿಸಿದ. ‘ಮೇಷ್ಟ್ರೇ, ಹಿಂದೆ ಇದೇನು ಮಾಡಿಸಿಕೊಂಡಿರಿ?’ ಎಂದು ಕೇಳಿ, ಕೈಗನ್ನಡಿಯನ್ನು ಹಿಂದೆ ಹಿಡಿದ. ನೋಡಿದೆ. ಹುಳ ತಿಂದ ಉಣ್ಣೆಯ ಬಟ್ಟೆಯಂತೆ ಹಿಂದಲೆ ತುಂಬ ಬಿಳಿ ಚುಕ್ಕೆಗಳು. ಮುಂದೆ ಬಂದಿಲ್ಲ, ಹಿಂದೆ ಇದ್ದದ್ದೂ ಹೋಗಿದೆ. ಆ ಕನ್ನಡಿಯಲ್ಲಿ ಕಂಡದ್ದು ಇವತ್ತಿಗೂ ಕಣ್ಣ ಮುಂದೆ ಇದೆ. ಮೋಸ ಹೋದೆ ಎಂದು ಅರಿವಾದದ್ದು ಆ ಕ್ಷಣ.

ಆಮೇಲೆ ನಮ್ಮೂರಿನ ಚರ್ಮರೋಗ ತಜ್ಞರನ್ನು ಕಂಡೆ. ಮೊದಲೇ ಹೋಗಬೇಕಿತ್ತು, ಮೊದಲೇ! ಅವರು ಕಾಗದದ ಮೇಲೆ ಲೆಕ್ಕ ಬರೆದರು. ನನ್ನ ಬೋಳು ಸುಮಾರು 200 ಚದರ ಸೆಂಟಿಮೀಟರ್. 2,800 ಬುಡಗಳನ್ನು ಹಂಚಿದರೆ ಒಂದು ಚದರ ಸೆಂಟಿಮೀಟರಿಗೆ 14. ಸಹಜವಾದ ತಲೆಯಲ್ಲಿ ಅಷ್ಟೇ ಜಾಗದಲ್ಲಿ ಸುಮಾರು 70 ಇರುತ್ತವೆ. ಎಲ್ಲ ಬುಡಗಳೂ ಬದುಕಿದ್ದರೂ ತಲೆ ಮುಚ್ಚುತ್ತಿರಲಿಲ್ಲ. ಇದು ಏಳನೆಯ ತರಗತಿಯ ಭಾಗಾಕಾರ. ಆ ಕೌನ್ಸೆಲರ್‌ಗೆ ಗೊತ್ತಿರಲಿಲ್ಲವೇ? ಹಿಂದಲೆಯಿಂದ ತೆಗೆದ ಬುಡ ಅಲ್ಲಿ ಮತ್ತೆ ಹುಟ್ಟುವುದಿಲ್ಲ ಎಂಬುದೂ ಗೊತ್ತಿರಲಿಲ್ಲವೇ? ಇಷ್ಟು ಮುಂದುವರಿದ ಬೋಳಿಗೆ ಮಿನಾಕ್ಸಿಡಿಲ್, ಫಿನಾಸ್ಟರೈಡ್ ಎಂಬ ಕೂದಲಿನ ಔಷಧಿಗಳು ಕೂಡ ಉಳಿದದ್ದನ್ನು ಕಾಯಬಹುದೇ ಹೊರತು ಹೋದದ್ದನ್ನು ಪೂರ್ತಿ ತರಲಾರವು ಎಂದರು. ‘ಹಣೆಯ ಮುಂಭಾಗಕ್ಕೆ ಮಾತ್ರ ಸ್ವಲ್ಪ ನೆಡಬಹುದಿತ್ತು. ಇಲ್ಲವೇ ಸಣ್ಣಗೆ ಬೋಳಿಸಿಕೊಂಡು ಆರಾಮವಾಗಿ ಇರಬಹುದಿತ್ತು’ ಎಂದರು. ಈಗ ಅದೂ ಇಲ್ಲ. ಬೋಳಿಸಿದರೆ ಆ ಬಿಳಿ ಚುಕ್ಕೆಗಳೆಲ್ಲ ಎದ್ದು ಕಾಣುತ್ತವೆ. ಪುಕ್ಕಟೆಯಾಗಿ ಇದ್ದ ದಾರಿಯನ್ನು 98,000 ಕೊಟ್ಟು ಮುಚ್ಚಿಕೊಂಡೆ.

ಕ್ಲಿನಿಕ್ಕಿನವರ ಉತ್ತರಗಳನ್ನು ಕೇಳಿ. ಆರನೆಯ ತಿಂಗಳು: ‘ತಾಳ್ಮೆ ಇರಲಿ ಸರ್, 12 ತಿಂಗಳು ಬೇಕು.’ ಒಂಬತ್ತನೆಯ ತಿಂಗಳು: ‘ನೀವು ಔಷಧಿ ಸರಿಯಾಗಿ ಹಚ್ಚಿಲ್ಲ.’ ಹಚ್ಚಿದ್ದೇನೆ, ಬಿಲ್ಲುಗಳಿವೆ ಎಂದೆ. ‘ಒಬ್ಬೊಬ್ಬರ ದೇಹ ಒಂದೊಂದು ರೀತಿ ಸರ್.’ ಹನ್ನೆರಡು ತುಂಬಿದ ಮೇಲೆ: ‘ಎರಡನೆಯ ಸಲ ಮಾಡಿಸಿ, ನಿಮಗೆಂದು ಶೇ 40 ರಿಯಾಯಿತಿ.’ ಎಲ್ಲಿಂದ ತೆಗೆಯುತ್ತೀರಿ ಸ್ವಾಮಿ? ಹಿಂದೆ ಏನು ಉಳಿಸಿದ್ದೀರಿ? ಹಣ ವಾಪಸ್ ಕೇಳಿದಾಗ ಮಾತಿನ ಧಾಟಿಯೇ ಬದಲಾಯಿತು: ‘ನೀವು ಸಹಿ ಹಾಕಿದ್ದೀರಿ.’ ಹೌದು, ಹಾಕಿದ್ದೇನೆ. ಇಂಗ್ಲಿಷಿನ ನಾಲ್ಕು ಪುಟ, ಸೂಜಿ ಚುಚ್ಚುವ ಹತ್ತು ನಿಮಿಷ ಮೊದಲು ಕೈಗೆ ಕೊಟ್ಟದ್ದು.

ಈ ಶಸ್ತ್ರಚಿಕಿತ್ಸೆಯನ್ನು ಚರ್ಮರೋಗ ಅಥವಾ ಪ್ಲಾಸ್ಟಿಕ್ ಸರ್ಜರಿ ಓದಿ ತರಬೇತಿ ಪಡೆದ ವೈದ್ಯರೇ ಮಾಡಬೇಕು, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಆದ್ದರಿಂದ ಕೊರೆಯುವವರು ಯಾರು ಎಂದು ಮೊದಲೇ ಕೇಳಿ, ಬರೆಸಿಕೊಳ್ಳಿ. ನಿಮ್ಮಷ್ಟೇ ಬೋಳಾಗಿದ್ದವರ ಫೋಟೊ ಕೇಳಿ, ಹಿಂದಲೆಯದ್ದೂ ಕೇಳಿ. ‘ಇವತ್ತೇ ಕಟ್ಟಿದರೆ’ ಎಂದವರ ಮುಂದಿನಿಂದ ಎದ್ದು ಬನ್ನಿ.

ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ. ಅದಕ್ಕಾಗಿ ಕಳೆದ ಸೋಮವಾರ ವಾಟ್ಸ್‌ಆ್ಯಪ್‌ನಲ್ಲಿ ಒಂದೇ ಒಂದು ಸಾಲು ಕಳಿಸಿದೆ: ‘ನನಗೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಹೆಸರು ಮತ್ತು ನೋಂದಣಿ ಸಂಖ್ಯೆ ಕೊಡಿ.’ ಎರಡೂ ಗುರುತು ನೀಲಿಯಾಗಿದೆ. ಉತ್ತರ ಬಂದಿಲ್ಲ.